ಹೆಸರು ಗೊತ್ತು, ಮುಖ ಗೊತ್ತಿಲ್ಲ

ನೆರಳಚ್ಚಿಗೆ ‘ಜೆರಾಕ್ಸ್’, ವನಸ್ಪತಿಗೆ ‘ಡಾಲ್ಡಾ’ ಎನ್ನುವ ಹಾಗೆ, ಪುಸ್ತಕ ಓದುವ ಯಂತ್ರಕ್ಕೆ ‘ಕಿಂಡಲ್’ ಎಂಬ ಹೆಸರೇ ನಿಂತುಬಿಟ್ಟಿದೆ. ಮಂಗಳೂರಿನ ವಿದ್ಯಾರ್ಥಿಗಳಿಗೂ ಈ ಹೆಸರು ಹೊಸತಲ್ಲ. ಆದರೆ ಹಂಪನಕಟ್ಟೆಯ ಮೊಬೈಲ್ ಅಂಗಡಿಯಲ್ಲಿ ಫೋನನ್ನು ಹತ್ತು ಸಲ ತಿರುಗಿಸಿ ನೋಡಿ ಕೊಳ್ಳುವ ಹೆತ್ತವರು, ಇದನ್ನು ಮಾತ್ರ ಚಿತ್ರ ನೋಡಿ ಆನ್‌ಲೈನಿನಲ್ಲಿ ತರಿಸಬೇಕಾಗುತ್ತದೆ. ಎಡವಟ್ಟು ಆಗುವುದು ಇಲ್ಲಿಯೇ.

ಮೊದಲ ಗೊಂದಲ ಹೆಸರಿನದು. ಕಿಂಡಲ್ ಎಂದರೆ ಅಮೆಜಾನ್ 2007ರಲ್ಲಿ ಹೊರತಂದ ಓದುವ ಯಂತ್ರ. ಫೋನಿನಲ್ಲಿ ಉಚಿತವಾಗಿ ಸಿಗುವ ಆಪ್‌ಗೂ ಅದೇ ಹೆಸರು. 2011ರಲ್ಲಿ ಬಂದ ‘ಕಿಂಡಲ್ ಫೈರ್’ ಓದುವ ಯಂತ್ರವೇ ಅಲ್ಲ, ಟ್ಯಾಬ್. ನಿಜವಾದ ಇ-ರೀಡರಿನ ಪರದೆಯಲ್ಲಿ ಸೂಕ್ಷ್ಮ ಕೋಶಗಳಿದ್ದು, ಅವುಗಳೊಳಗೆ ಕಪ್ಪು-ಬಿಳಿ ಕಣಗಳಿರುತ್ತವೆ. ವಿದ್ಯುತ್ ಹಾಯಿಸಿದಾಗ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಪುಟ ಬದಲಿಸುವಾಗಷ್ಟೇ ಪರದೆಗೆ ವಿದ್ಯುತ್ ಬೇಕು. ಆದ್ದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬಾಳಿಕೆ. ಬಿಸಿಲಿನಲ್ಲೂ ಕಾಗದದ ಹಾಗೆ ಓದಬಹುದು.

ಭಾರತದ ಪೇಟೆಯಲ್ಲಿ ಈ ಯಂತ್ರದ ಬಾಳು ಏರಿಳಿತದ್ದು. 2010ರಲ್ಲಿ ‘ಪೈ’, ‘ವಿಂಕ್’ ಎಂಬ ದೇಶೀ ಇ-ರೀಡರುಗಳು ಬಂದವು. ಹೆಚ್ಚು ಕಾಲ ನಿಲ್ಲಲಿಲ್ಲ. 2012ರ ಆಗಸ್ಟ್‌ನಲ್ಲಿ ಕಿಂಡಲ್ 6,999 ರೂಪಾಯಿಗೆ ಕ್ರೋಮಾ ಮಳಿಗೆಗಳಿಗೆ ಬಂತು. ಮರುವರ್ಷ ಬಂದ ‘ಕೊಬೊ’ ಬೇರೂರಲಿಲ್ಲ. 2025ರ ಏಪ್ರಿಲ್‌ನಲ್ಲಿ ಇಲ್ಲಿ ಬಿಡುಗಡೆಯಾದ ಹೊಸ ‘ಕಿಂಡಲ್ ಪೇಪರ್‌ವೈಟ್’ನ ಬೆಲೆ 16,999 ರೂಪಾಯಿ. ಆ ಹಣಕ್ಕೆ ಇನ್ನೂರು ರೂಪಾಯಿಯ ಪುಸ್ತಕಗಳಾದರೆ ಎಂಬತ್ತಕ್ಕೂ ಹೆಚ್ಚು ಬರುತ್ತವೆ!

ಬೆಲೆಗಿಂತ ದೊಡ್ಡ ಪ್ರಶ್ನೆ ಭಾಷೆಯದು. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್‌ಗಾಗಿ ಐದು ಭಾರತೀಯ ಭಾಷೆಗಳ ಇ-ಪುಸ್ತಕಗಳನ್ನು ತಂದಿತು: ಹಿಂದಿ, ತಮಿಳು, ಮಲಯಾಳಂ, ಮರಾಠಿ, ಗುಜರಾತಿ. ಕನ್ನಡ ಅದರಲ್ಲಿ ಇರಲಿಲ್ಲ. 1843ರಲ್ಲೇ ‘ಮಂಗಳೂರ ಸಮಾಚಾರ’ ಎಂಬ ಮೊದಲ ಕನ್ನಡ ಪತ್ರಿಕೆಯನ್ನು ಅಚ್ಚು ಮಾಡಿದ ಊರಿನ ಮಕ್ಕಳಿಗೆ ಇದು ಸಣ್ಣ ಕೊರತೆಯಲ್ಲ.

ಹಾಗೆಂದು ಕನ್ನಡದಲ್ಲಿ ಇ-ಪುಸ್ತಕಗಳೇ ಇಲ್ಲವೆಂದಲ್ಲ. ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ಆಪ್‌ಗಳಲ್ಲಿ ಸಿಗುತ್ತವೆ. ನಗರದ ಓದುಗರಿಗೆ ಚಿರಪರಿಚಿತವಾಗಿದ್ದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಬಾಗಿಲು ಮುಚ್ಚಿತು. ಅದನ್ನು ನಡೆಸುತ್ತಿದ್ದ ಜಿ.ಎನ್. ಅಶೋಕವರ್ಧನರು ಬಳಿಕ, ವಿಜ್ಞಾನ ಲೇಖಕರಾಗಿದ್ದ ತಮ್ಮ ತಂದೆ ಜಿ.ಟಿ. ನಾರಾಯಣ ರಾವ್ ಅವರ ಹಲವು ಪುಸ್ತಕಗಳನ್ನು ಜಾಲತಾಣದಲ್ಲಿ ಉಚಿತವಾಗಿ ಒದಗಿಸಿದರು. ಅಂಗಡಿ ಹೋದರೂ ಪುಸ್ತಕ ಉಳಿಯಿತು. ತೊಡಕು ಏನೆಂದರೆ, ಆಪ್‌ನಲ್ಲಿ ಕೊಂಡ ಕನ್ನಡ ಪುಸ್ತಕಕ್ಕಾಗಿ ಮಗು ಮತ್ತೆ ಫೋನಿಗೇ ಮರಳಬೇಕು. ಆಂಡ್ರಾಯ್ಡ್ ಆಪ್‌ಗಳನ್ನು ಓಡಿಸಬಲ್ಲ ‘ಬೂಕ್ಸ್’ನಂಥ ಇ-ರೀಡರುಗಳಿವೆ. ಆದರೆ ಕಿಂಡಲ್ ಬಲ್ಲವರಿಗೂ ಅವುಗಳ ಹೆಸರು ಅಪರಿಚಿತ.

ಹಾಗಾದರೆ ಕೊಳ್ಳಬೇಕೇ, ಬೇಡವೇ? ಮೊದಲು ಮಗನನ್ನೋ ಮಗಳನ್ನೋ ಕೂರಿಸಿಕೊಂಡು, ಮುಂದಿನ ಆರು ತಿಂಗಳಲ್ಲಿ ಓದಬೇಕೆಂದಿರುವ ಹತ್ತು ಪುಸ್ತಕಗಳ ಹೆಸರು ಬರೆಸಿ. ಹೆಚ್ಚಿನವು ಇಂಗ್ಲಿಷ್ ಕಾದಂಬರಿ, ಜೀವನಚರಿತ್ರೆಗಳಾದರೆ ಈ ಯಂತ್ರ ಒಳ್ಳೆಯ ಸಂಗಾತಿ. ಪಿಯುಸಿ ಪಠ್ಯಪುಸ್ತಕಗಳ ಪಿಡಿಎಫ್‌ಗಾಗಿ ಎಂದಾದರೆ ಯೋಚಿಸಿ. ದೊಡ್ಡ ಪುಟ ಆರೇಳು ಇಂಚಿನ ಪರದೆಗೆ ಇಳಿದಾಗ ಅಕ್ಷರ ಸಾಸಿವೆಯಾಗುತ್ತದೆ. ಸಾಮಾನ್ಯ ಮಾದರಿಗಳಲ್ಲಿ ಜೀವಶಾಸ್ತ್ರದ ಚಿತ್ರಗಳ ಬಣ್ಣವೂ ಕಾಣದು. ಪಟ್ಟಿಯಲ್ಲಿ ಕನ್ನಡವೇ ಹೆಚ್ಚಿದ್ದರೆ ಆ ಪುಸ್ತಕಗಳು ಎಲ್ಲಿ, ಯಾವ ರೂಪದಲ್ಲಿ ಸಿಗುತ್ತವೆ ಎಂದು ಮೊದಲೇ ಹುಡುಕಿ.

ಪರಿಚಯದವರಲ್ಲಿ ಇ-ರೀಡರ್ ಇದ್ದರೆ ಎರಡು ದಿನಕ್ಕೆ ಕೇಳಿ ತನ್ನಿ. ಅಂಗಡಿ ತೋರಿಸದ್ದನ್ನು ನೆರೆಮನೆ ತೋರಿಸೀತು. ಆ ಎರಡು ದಿನದಲ್ಲಿ ಮಗು ಐವತ್ತು ಪುಟ ಓದಿದರೆ ಹಣ ತೆಗೆದಿಡಿ. ಓದದಿದ್ದರೆ, ಕೊರತೆ ಇರುವುದು ಯಂತ್ರದ್ದಲ್ಲ.