ರೋಗಿ ಒಬ್ಬ, ಬಾಗಿಲು ಎರಡು

14416 ಮತ್ತು 14446. ಎರಡೂ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿಗಳು, ಒಂದೇ ಅಂಕಿಯ ವ್ಯತ್ಯಾಸ. ಮೊದಲನೆಯದು 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮಾನಸ್’. ಆರೋಗ್ಯ ಸಚಿವಾಲಯದ್ದು, ಮನಸ್ಸಿನ ತೊಂದರೆಗೆ. ಎರಡನೆಯದು ಸಾಮಾಜಿಕ ನ್ಯಾಯ ಸಚಿವಾಲಯದ್ದು, ಕುಡಿತ ಹಾಗೂ ಮಾದಕವಸ್ತುಗಳ ಚಟಕ್ಕೆ. ಖಿನ್ನತೆಯಿಂದ ನಿದ್ದೆ ಬಾರದೆ ಕುಡಿಯಲು ಶುರು ಮಾಡಿ, ಕುಡಿದು ಕುಡಿದು ಖಿನ್ನತೆಯನ್ನೇ ಹೆಚ್ಚಿಸಿಕೊಂಡವನು ಯಾವ ನಂಬರ್ ಒತ್ತಬೇಕು?

ಬೆಂಗಳೂರಿನ ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್‌ನಂಥ ದುಡಿಯುವವರ ಬಡಾವಣೆಗಳಲ್ಲಿ ಇದು ಕಾಗದದ ಮೇಲಿನ ಪ್ರಶ್ನೆಯಲ್ಲ. ವರ್ಷಗಟ್ಟಲೆ ದಿನವೂ ಕುಡಿದವರು ಅಯ್ಯಪ್ಪನ ಮಾಲೆ ಹಾಕಿದ ದಿನವೇ ಏಕಾಏಕಿ ನಿಲ್ಲಿಸುವುದುಂಟು. ಸಂಕಲ್ಪ ದೊಡ್ಡದೇ, ಆದರೆ ದೇಹ ಒಪ್ಪಬೇಕಲ್ಲ. ಒಂದು ದಿನ ಕಳೆಯುವಷ್ಟರಲ್ಲಿ ಕೈ ನಡುಗಿ ಕಾಫಿ ಲೋಟ ತುಳುಕುತ್ತದೆ, ಮೈ ಬೆವರುತ್ತದೆ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಗೋಡೆಯ ಮೇಲೆ ಇಲ್ಲದ ಹುಳು ಕಾಣಿಸುತ್ತದೆ, ಇಲ್ಲದ ದನಿ ಕೇಳಿಸುತ್ತದೆ. ಮನೆಯವರು ಗಾಳಿ ಸೋಕಿತೆಂದು ತಾಯತ ಕಟ್ಟಿಸಲು ಓಡುತ್ತಾರೆ. ವೈದ್ಯರ ಕಣ್ಣಿಗೆ ಅದು ಪ್ರಾಣಕ್ಕೇ ಕುತ್ತು ತರಬಲ್ಲ ತುರ್ತು ಸ್ಥಿತಿ.

ಆಸ್ಪತ್ರೆಗೆ ಹೋದರೂ ಅಲೆದಾಟ ತಪ್ಪುವುದಿಲ್ಲ. ‘ಮೊದಲು ಕುಡಿತ ಬಿಡಿಸಿ, ಆಮೇಲೆ ಮನಸ್ಸಿನದ್ದು ನೋಡೋಣ’ ಎನ್ನುವುದು ಒಂದು ಕಡೆ. ‘ತಲೆ ಸರಿಯಿಲ್ಲದವರನ್ನು ಇಲ್ಲಿ ಸೇರಿಸಿಕೊಳ್ಳುವುದಿಲ್ಲ’ ಎನ್ನುವುದು ಇನ್ನೊಂದು ಕಡೆ. ಈ ನಡುವೆ ಹೆಂಡತಿ, ತಾಯಿ ಸೋತು, ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿಯ ಜಾಹೀರಾತಿಗೆ ಮರುಳಾಗುತ್ತಾರೆ. ಆ ಪುಡಿಯಲ್ಲಿ ಏನಿದೆಯೆಂದು ತಿಳಿಯದೆ ಮೇಲೆ ಮದ್ಯ ಕುಡಿದರೆ ಜೀವಕ್ಕೇ ಅಪಾಯವಾದೀತು.

ದಾರಿ ತೋರಿಸಿದ ಸಂಸ್ಥೆ ಇದೇ ಊರಿನಲ್ಲಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ 1990ರ ದಶಕದಿಂದಲೂ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಅಲ್ಲಿ ಚಟ ಬಿಡಿಸುವವರೂ ಮನೋವೈದ್ಯರೇ ಆದ್ದರಿಂದ ಕುಡಿತದ ಹಿಂದಿನ ಖಿನ್ನತೆ, ಗಾಂಜಾದ ಜೊತೆಗಿನ ಭ್ರಮೆ ಎರಡಕ್ಕೂ ಒಂದೇ ಕಡೆ ಮದ್ದು. ಆದರೆ ಎಲ್ಲರೂ ಅಲ್ಲಿಗೇ ಹೋಗಬೇಕೆಂದರೆ ಹೇಗೆ? ಅದೇ ಸಂಸ್ಥೆಯ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದ್ಯದ ಸಮಸ್ಯೆಯಿರುವ ನೂರು ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಕಾನೂನಿನಲ್ಲಿ ಗೊಂದಲವಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ, ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯೆಂದೇ ಪರಿಗಣಿಸುತ್ತದೆ. ದೈಹಿಕ ಕಾಯಿಲೆಗೆ ಸಿಗುವ ವಿಮೆ ಮಾನಸಿಕ ಕಾಯಿಲೆಗೂ ಸಿಗಬೇಕು ಎನ್ನುತ್ತದೆ. ಅತ್ತ ವಿಮಾ ಪಾಲಿಸಿಗಳ ಕೈಬಿಟ್ಟ ಚಿಕಿತ್ಸೆಗಳ ಪಟ್ಟಿಯಲ್ಲಿ ಕುಡಿತ ಮತ್ತು ಚಟದ ಚಿಕಿತ್ಸೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕಾಯ್ದೆ ಬಲಗೈಯಲ್ಲಿ ಕೊಟ್ಟದ್ದನ್ನು ಪಾಲಿಸಿ ಎಡಗೈಯಲ್ಲಿ ಕಿತ್ತುಕೊಳ್ಳುತ್ತದೆ.

ದುಡ್ಡಿಲ್ಲ ಎಂಬ ಮಾತು ಇಲ್ಲಿ ನಡೆಯದು. ಅಬಕಾರಿಯಿಂದ ಕರ್ನಾಟಕ ಸರ್ಕಾರಕ್ಕೆ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬರುತ್ತಿದೆ. ಅದರಲ್ಲಿ ಅಲ್ಪ ಪಾಲನ್ನಾದರೂ ಕುಡಿತದಿಂದ ಕೆಟ್ಟವರ ಚಿಕಿತ್ಸೆಗೆ ಮೀಸಲಿಡುವುದು ದಾನವಲ್ಲ, ಋಣ. ಕಾರ್ಮಿಕರು ಮತ್ತು ಮಾಲೀಕರ ವಂತಿಗೆಯಿಂದ ನಡೆಯುವ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಜೊತೆಗೆ ವೈದ್ಯಕೀಯ ಕಾಲೇಜೂ ಇದೆ. ಚಟ ಮತ್ತು ಮನಸ್ಸು ಎರಡಕ್ಕೂ ಒಂದೇ ಚೀಟಿ, ಒಂದೇ ಕಡತ, ಒಂದೇ ತಂಡ ಎಂಬ ಪದ್ಧತಿಯನ್ನು ಗಟ್ಟಿಯಾಗಿ ನಿಲ್ಲಿಸಲು ಇಂಥ ಜಾಗವೇ ತಕ್ಕದ್ದು. ರಾಜ್ಯ ಆರೋಗ್ಯ ಇಲಾಖೆ ಇಎಸ್‌ಐ ನಿಗಮದ ಜೊತೆ ಕೂತು ಈ ಕೆಲಸಕ್ಕೆ ಕೈಹಾಕಲಿ. ಅಲ್ಲಿಯವರೆಗೆ ಮನೆಯವರು ನೆನಪಿಡಬೇಕಾದದ್ದು ಇಷ್ಟೇ: ದಿನವೂ ಕುಡಿಯುವವರ ಕುಡಿತವನ್ನು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ, ಮೊದಲು ವೈದ್ಯರಿಗೆ ತೋರಿಸಿ.