ಹಕ್ಕಿಗೂ ಪಹಣಿ ಬೇಕು, ಮಾಡಿಕೊಡುವವರು ಯಾರು?

ಮಂಕಿಯಿಂದ ಭಟ್ಕಳದವರೆಗೆ ಹೆದ್ದಾರಿಯ ಆಚೀಚೆ ಒಂದು ಸುತ್ತು ಹಾಕಿ. ಮಗ ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವ ಮನೆಗಳ ಜಗಲಿಯಲ್ಲಿ ಹೊರದೇಶದ ಬಣ್ಣದ ಹಕ್ಕಿಗಳು ಕಾಣಸಿಗುತ್ತವೆ. ಅರಿಶಿನದ ಬಣ್ಣದ ಸನ್ ಕೊನೂರ್, ಮಾತು ಕಲಿಯುವ ಬೂದು ಬಣ್ಣದ ಆಫ್ರಿಕನ್ ಗ್ರೇ. ತೋಟದ ಕೆಲಸದ ಜೊತೆಗೆ ನಾಲ್ಕು ಕಾಸು ಸಿಗಲಿ ಅಂತ ಜೋಡಿ ಇಟ್ಟು ಮರಿ ಮಾಡಿಸುವ ಹುಡುಗರೂ ಇದ್ದಾರೆ. ಇವುಗಳಿಗೆ ಸರಕಾರದಲ್ಲಿ ನೋಂದಣಿ ಆಗಬೇಕು ಅನ್ನುವ ಸಂಗತಿ ಮಾತ್ರ ಇವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿದ್ದವರಿಗೆ ಎಲ್ಲಿ, ಹೇಗೆ ಅಂತ ಗೊತ್ತಿಲ್ಲ.

ನನ್ನ ತಕರಾರು ಕಾನೂನಿನ ಮೇಲಲ್ಲ, ಅದು ಹಳ್ಳಿಗೆ ಬರುವ ರೀತಿಯ ಮೇಲೆ.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ?

ಮೊದಲು ನಮ್ಮೂರ ಹಕ್ಕಿಗಳ ವಿಷಯ. ತೆಂಗಿನ ಪೊಟರೆಯಿಂದ ಗಿಳಿಮರಿ ತೆಗೆದು ಸಾಕುವುದು ಹಿಂದೆ ಮಾಮೂಲಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದು ಅಪರಾಧ. ನಮ್ಮ ಗಿಳಿ, ಮುನಿಯ, ಬೆಟ್ಟದ ಮೈನಾ ಯಾವುದನ್ನೂ ಪಂಜರದಲ್ಲಿ ಇಡುವ ಹಾಗಿಲ್ಲ. ನೋಂದಣಿಯ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ.

ಹೊರದೇಶದ ಪ್ರಾಣಿಪಕ್ಷಿಗಳ ಮಾತು ಬೇರೆ. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1976ರಲ್ಲೇ ಸೇರಿದೆ. ಆದರೆ ಆ ಪಟ್ಟಿ ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಬಂದದ್ದು 2022ರ ತಿದ್ದುಪಡಿಯಲ್ಲಿ. ಅದು 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ನೋಂದಣಿಯ ನಿಯಮ 2024ರ ಫೆಬ್ರವರಿ ಕೊನೆಗೆ ಬಂತು. ಈ ಪಟ್ಟಿಯ ಜೀವಿ ಮನೆಯಲ್ಲಿದ್ದರೆ ಆರು ತಿಂಗಳೊಳಗೆ, ಹೊಸದಾಗಿ ತಂದರೆ 30 ದಿನದೊಳಗೆ, 'ಪರಿವೇಶ್' ಎಂಬ ಜಾಲತಾಣದ ಮೂಲಕ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹಾಕಬೇಕು. ಮರಿ ಆದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಆಫ್ರಿಕನ್ ಗ್ರೇಯಂಥ ಒಂದನೇ ಪಟ್ಟಿಯ ಹಕ್ಕಿಯ ಮರಿ ಮಾಡಿಸಲು ಪ್ರತ್ಯೇಕ ಲೈಸೆನ್ಸೇ ಬೇಕು.

ಗೊಂದಲ ಶುರುವಾಗುವುದು ಹೆಸರಿನಲ್ಲಿ. ಅಂಗಡಿಯವರು 'ಲವ್ ಬರ್ಡ್ಸ್' ಅಂತ ಕೊಡುವ ಸಣ್ಣ ಹಕ್ಕಿ ಹೆಚ್ಚಾಗಿ ಆಸ್ಟ್ರೇಲಿಯ ಮೂಲದ ಬಡ್ಜರಿಗಾರ್. ಅದಕ್ಕೆ ನೋಂದಣಿ ಬೇಡ. ಜುಟ್ಟಿನ ಕಾಕಟೀಲ್‌ಗೂ ಬೇಡ. ನಿಜವಾದ ಲವ್ ಬರ್ಡ್‌ಗಳಲ್ಲಿ ಗುಲಾಬಿ ಮುಖದ್ದಕ್ಕೆ ಬೇಡ, ಅದರ ದಾಯಾದಿ ಫಿಶರ್ ಜಾತಿಗೆ ಬೇಕು. ಸನ್ ಕೊನೂರ್‌ಗೆ ಬೇಕು. ಇಷ್ಟನ್ನು ಚಿತ್ರ ಸಮೇತ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪಂಚಾಯತಿ ಗೋಡೆಗೆ ಅಂಟಿಸಲು ಎಷ್ಟು ಖರ್ಚು ಬಂದೀತು? ನಮ್ಮ ಕಡೆ ಅಂಥ ಹಾಳೆ ಒಂದನ್ನೂ ನಾನು ಕಂಡಿಲ್ಲ.

ಕಾನೂನು ಬೇಕೇ ಬೇಕು

'ಮನೆಯೊಳಗಿನ ಹಕ್ಕಿಗೂ ಸರಕಾರ ಯಾಕೆ?' ಎಂದು ಕೇಳುವವರಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದ ಬಂದ ಸಾಮಾನಿನಲ್ಲಿ 72 ಹಾವುಗಳೂ ಉಸಿರುಗಟ್ಟಿ ಸತ್ತ 6 ಕಪುಚಿನ್ ಮಂಗಗಳೂ ಸಿಕ್ಕಿದವು. ಕೊಳ್ಳುವವರು ಇದ್ದಾರೆಂದೇ ಈ ಸಾಗಣೆ ನಡೆಯುವುದು. ಹೊರಗಿನ ಜೀವಿ ತಪ್ಪಿಸಿಕೊಂಡು ಊರಲ್ಲಿ ಬೀಡುಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಕೃಷಿಕರಿಗೆ ಬಿಡಿಸಿ ಹೇಳಬೇಕಿಲ್ಲ. ಆಫ್ರಿಕದ ದೈತ್ಯ ಬಸವನಹುಳು ನುಗ್ಗಿದ ತೋಟದವರನ್ನು ಕೇಳಿದರೆ ಸಾಕು. ಆದ್ದರಿಂದ ಲೆಕ್ಕ ಇರಲಿ. ಕಟ್ಟುನಿಟ್ಟಾಗಿಯೇ ಇರಲಿ.

ತೊಡಕು ಎಲ್ಲಿ?

ಮೊದಲನೆಯದು ಗಡುವು. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಒಂದು ಒಳ್ಳೆಯ ಅವಕಾಶ ಕೊಟ್ಟಿತ್ತು. ಆರು ತಿಂಗಳೊಳಗೆ ತಾವಾಗಿ ಘೋಷಿಸಿದವರಿಂದ ಹಕ್ಕಿಯ ಮೂಲದ ದಾಖಲೆ ಕೇಳುವುದಿಲ್ಲ ಎಂದಿತ್ತು. ಅದು ಕೊರೊನಾ ಕಾಲ, ಊರೇ ಬಾಗಿಲು ಹಾಕಿಕೊಂಡ ಹೊತ್ತು. 2024ರ ಗಡುವು ಮುಗಿದದ್ದು ಆಗಸ್ಟ್ ಕೊನೆಗೆ. ಆ ಆರು ತಿಂಗಳಲ್ಲಿ ಅರ್ಧ ನಮಗೆ ಮಳೆಗಾಲ, ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಬಿಸಿಲು ಕಾಯುವ ದಿನಗಳು. ದಿಲ್ಲಿಯ ಗೆಜೆಟ್ ಓದುವವರು ನಮ್ಮಲ್ಲಿ ಯಾರಿದ್ದಾರೆ?

ಎರಡನೆಯದು ಭಯ. ನಮ್ಮ ಪರಿಚಯದ ಒಬ್ಬರು ಅಂಗಡಿಯಲ್ಲಿ ದುಡ್ಡು ಕೊಟ್ಟೇ ಹಕ್ಕಿ ತಂದವರು. ರಶೀದಿ ಕೇಳಬೇಕೆಂದು ಅವರಿಗೆ ಹೊಳೆಯಲಿಲ್ಲ, ಅಂಗಡಿಯವನು ಕೊಡಲೂ ಇಲ್ಲ. ಕೋಳಿಮರಿ ತರುವಾಗ ನಾವು ರಶೀದಿ ಕೇಳುತ್ತೇವೆಯೇ? ಈಗ ವಿಚಾರಿಸಲು ಹೋದರೆ 'ಎಲ್ಲಿಂದ ತಂದೆ?' ಅಂತ ತಮ್ಮನ್ನೇ ಹಿಡಿದಾರು ಎಂಬ ಅಂಜಿಕೆ ಅವರದು. ಈ ಕಾಯ್ದೆ ಉಲ್ಲಂಘಿಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. 'ಸುಮ್ಮನಿದ್ದರೆ ಯಾರಿಗೂ ಗೊತ್ತಾಗೂದಿಲ್ಲ ಮಾರಾಯ್ರೆ' ಅನ್ನುತ್ತಾರೆ. ಹೀಗೆ ಪ್ರಾಮಾಣಿಕನಾಗಲು ಹೊರಟವನೇ ಅಡಗಿಕೊಳ್ಳುತ್ತಾನೆ. ಸೂಟ್‌ಕೇಸಿನಲ್ಲಿ ತರುವವನಿಗೆ ಮೊದಲೂ ಅರ್ಜಿಯ ಗೊಡವೆ ಇರಲಿಲ್ಲ, ಈಗಲೂ ಇಲ್ಲ.

ಮೂರನೆಯದು ಹಕ್ಕಿಯ ಗತಿ. ಆಫ್ರಿಕನ್ ಗ್ರೇ ನಲವತ್ತು ವರ್ಷ ಮೀರಿ ಬದುಕಬಲ್ಲುದು. ಅರವತ್ತರ ಯಜಮಾನನಿಗಿಂತ ಅದರ ಆಯುಷ್ಯವೇ ಹೆಚ್ಚು. ಕಾಗದವಿಲ್ಲದ ಹಕ್ಕಿಯನ್ನು ಮಾರುವ ಹಾಗಿಲ್ಲ, ಬೇರೆಯವರಿಗೆ ಕೊಡುವ ಹಾಗಿಲ್ಲ. ಹಾರಿಬಿಟ್ಟರೆ ಕಾಗೆಗಳ ಪಾಲು. ಕಾಯಿಲೆ ಬಿದ್ದರೆ ಡಾಕ್ಟರ ಹತ್ತಿರ ಒಯ್ಯಲೂ ಹೆದರಿಕೆ.

ಕಿವಿಬಿಲ್ಲೆಯಿಂದ ಕಲಿಯಬಾರದೇ?

ನಮ್ಮ ದನ, ಎಮ್ಮೆಗಳ ಕಿವಿಯಲ್ಲಿ 12 ಅಂಕಿಯ ಬಿಲ್ಲೆ ಇದೆ. 2019ರಲ್ಲಿ ಶುರುವಾದ ಕಾಲುಬಾಯಿ ಜ್ವರ ನಿಯಂತ್ರಣ ಕಾರ್ಯಕ್ರಮದಲ್ಲಿ ಪಶುಪಾಲನಾ ಇಲಾಖೆಯವರು ಕೊಟ್ಟಿಗೆಗೇ ಬಂದು ಬಿಲ್ಲೆ ಹೊಡೆದರು, ಲಸಿಕೆ ಹಾಕಿದರು, ತಾವೇ ಬರೆದುಕೊಂಡರು. 'ಈ ದನ ಎಲ್ಲಿಂದ ತಂದೆ?' ಅಂತ ಯಾರೂ ಗದರಲಿಲ್ಲ. ಅದರಿಂದಲೇ ಜನ ಒಪ್ಪಿಕೊಂಡರು.

ಇದಕ್ಕೆ ತದ್ವಿರುದ್ಧ ಪಾಠ ಗಂಧದ ಮರದ್ದು. ಸ್ವಂತ ಜಾಗದಲ್ಲಿ ಹುಟ್ಟಿದ ಗಂಧವೂ ಸರಕಾರದ್ದು ಎಂದಿದ್ದ ಕಾಲದಲ್ಲಿ, ಕೇಸಿಗೆ ಹೆದರಿ ಸಸಿಯಲ್ಲೇ ಕಿತ್ತು ಒಗೆದವರೆಷ್ಟೋ. ಮರ ಉಳಿಸಲೆಂದು ಮಾಡಿದ ನಿಯಮದಿಂದ ಮರವೇ ಹೋಯಿತು. ಕೊನೆಗೆ 2001ರಲ್ಲಿ ರಾಜ್ಯ ಸರಕಾರವೇ ಕಾಯ್ದೆ ತಿದ್ದಿ ಜಮೀನಿನವನಿಗೆ ಹಕ್ಕು ಕೊಡಬೇಕಾಯಿತು.

ಹಾಗಾಗಿ ನಮ್ಮ ಬೇಡಿಕೆ ಇಷ್ಟೆ. ಒಂದೆರಡು ಹಕ್ಕಿ ಸಾಕಿದವರಿಗೆ ಇನ್ನೊಂದು ಸಲ, ಬೇಸಿಗೆಯಲ್ಲಿ, ಮೂಲ ಕೇಳದೆ ಘೋಷಿಸುವ ಅವಕಾಶ ಕೊಡಲಿ. ಅರ್ಜಿ ತುಂಬಿಕೊಡುವ ಕೆಲಸವನ್ನು ಗ್ರಾಮ ಒನ್ ಕೇಂದ್ರಕ್ಕೂ, ಜಾತಿ ಗುರುತಿಸುವ ಕೆಲಸವನ್ನು ಹತ್ತಿರದ ಪಶು ಆಸ್ಪತ್ರೆಗೂ ವಹಿಸಲಿ. ರಶೀದಿ ಕೊಡದೆ ಮಾರುವ ಅಂಗಡಿಯವನನ್ನು ಮೊದಲು ಹಿಡಿಯಲಿ, ಕೊಂಡವನನ್ನಲ್ಲ.

ಓದುಗರಿಗೂ ಒಂದು ಮಾತು. ಹೊಸದಾಗಿ ಹಕ್ಕಿ ತರುವ ಯೋಚನೆ ಇದ್ದರೆ ಮೊದಲು ಅದರ ನಿಜವಾದ ಹೆಸರು ಕೇಳಿ. ರಶೀದಿ, ನೋಂದಣಿ ಪತ್ರ ಕೈಗೆ ಬಾರದೆ ದುಡ್ಡು ಕೊಡಬೇಡಿ. ಪಹಣಿ ನೋಡದೆ ಜಾಗ ತೆಗೆದುಕೊಳ್ಳುವವರು ನಮ್ಮಲ್ಲಿ ಯಾರೂ ಇಲ್ಲವಲ್ಲ!