ಕುದುರೆಯ ಬೆನ್ನಿನಿಂದ ಕಾಣುವ ಕಾಡು

ಕಳೆದ ದೀಪಾವಳಿಗೆ ನರಸಿಂಹರಾಜಪುರ ತಾಲ್ಲೂಕಿನ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ನೈರೋಬಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ನಾಲ್ಕು ವರ್ಷಗಳ ಬಳಿಕ ಹಬ್ಬಕ್ಕೆಂದು ಊರಿಗೆ ಬಂದಿದ್ದ. ಊಟವಾಗಿ ಎಲ್ಲರೂ ಜಗುಲಿಯಲ್ಲಿ ಎಲೆಯಡಿಕೆಯ ತಟ್ಟೆಯ ಸುತ್ತ ಕುಳಿತಾಗ ಅವನು ತನ್ನ ಫೋನಿನಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ತೋರಿಸಿದ. ಮೊಣಕಾಲೆತ್ತರದ ಒಣಹುಲ್ಲಿನ ಬಯಲು. ಅದರ ನಡುವೆ ಏಳೆಂಟು ಮಂದಿ ಕುದುರೆ ಸವಾರರು ಒಬ್ಬರ ಹಿಂದೊಬ್ಬರಂತೆ ಸಾಗುತ್ತಿದ್ದಾರೆ. ಇಪ್ಪತ್ತು ಮಾರು ದೂರದಲ್ಲಿ ಪಟ್ಟೆಕುದುರೆಗಳ ಹಿಂಡು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದೆ. ಇನ್ನೊಂದರಲ್ಲಿ ಜಿರಾಫೆಯೊಂದು ನಮ್ಮ ಹುಡುಗನ ಹಿಂದೆ, ಅಡಿಕೆ ಮರದ ಹಾಗೆ ನೆಟ್ಟಗೆ ನಿಂತಿದೆ.

"ಮಾವ, ಇದನ್ನು ನಾವೂ ಇಲ್ಲಿ ಮಾಡಬಹುದಲ್ಲವೆ? ಭದ್ರಾ ಕಾಡು ನಮ್ಮ ತೋಟದ ಬೇಲಿಯಿಂದಾಚೆಗೇ ಇದೆ. ನಾಲ್ಕು ಕುದುರೆ ತಂದು ಕಟ್ಟಿದರೆ ಬೆಂಗಳೂರಿನವರು ಸಾಲುಗಟ್ಟಿ ಬರುತ್ತಾರೆ" ಎಂದ.

ಅವನ ಮಾತನ್ನು ಹುಡುಗಾಟವೆಂದು ನಕ್ಕು ಬಿಡಲು ನನಗೆ ಮನಸ್ಸಾಗಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಅಡಿಕೆ ಬೆಳೆಗಾರರ ಮನೆಗಳ ಕಷ್ಟ ಓದುಗರಿಗೆ ಹೊಸದಲ್ಲ. ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ತಿನ್ನುತ್ತಿದೆ, ಅದಕ್ಕೆ ಮದ್ದಿಲ್ಲ. ಅದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬಂದು ಕುಳಿತಿದೆ. ಅಕ್ಕನ ತೋಟದ ಕೆಳಭಾಗದಲ್ಲಿ ಒಂದೂವರೆ ಎಕರೆಯಷ್ಟು ಮರಗಳು ತಲೆ ಸಣ್ಣದಾಗಿ, ಗೊನೆಯಿಲ್ಲದೆ ನಿಂತಿವೆ. ಅದನ್ನು ಕಡಿದು ಲಾಯ ಕಟ್ಟೋಣವೆಂಬುದು ಹುಡುಗನ ಲೆಕ್ಕ. ಭಾವನವರು ಮಾತನಾಡದೆ ಸುಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು, ಹಾಕುತ್ತಿದ್ದರು. ಹೀಗಾಗಿ ಆ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಂಡು ಒಂದೆರಡು ತಿಂಗಳು ಓದಿ, ತಿಳಿದವರನ್ನು ಕೇಳಿ, ಅಕ್ಕನ ಮನೆಗೆ ಒಂದು ದೀರ್ಘ ಪತ್ರ ಬರೆದೆ. ಅದರ ಸಾರವೇ ಈ ತಿಂಗಳ ಅಂಕಣ. ಹೀಗೆ ಯೋಚಿಸುತ್ತಿರುವ ಮನೆಗಳು ಇನ್ನೂ ಇದ್ದಾವು.

ಮೊದಲು ಆ ಚಿತ್ರಗಳ ಗುಟ್ಟು. ಕೀನ್ಯಾದ ಮಸಾಯಿ ಮಾರಾ ಸುತ್ತಮುತ್ತ, ಬೋಟ್ಸ್ವಾನಾದ ಒಕಾವಾಂಗೊ ನದಿಯ ಜವುಗು ಬಯಲಿನಲ್ಲಿ ಈ ಬಗೆಯ ಕುದುರೆ ಸವಾರಿಯ ವನವಿಹಾರ ಹೆಸರಾದದ್ದು. ಕಾಲ್ನಡಿಗೆಯಲ್ಲಿ ಹೋದ ಮನುಷ್ಯನನ್ನು ಕಂಡರೆ ಓಡುವ ಮೃಗಗಳು ಕುದುರೆಯನ್ನು ಕಂಡರೆ ಅಷ್ಟಾಗಿ ಬೆದರುವುದಿಲ್ಲ. ನಾಲ್ಕು ಕಾಲಿನ, ಹುಲ್ಲಿನ ವಾಸನೆಯ ಪ್ರಾಣಿಯೆಂದು ಅದನ್ನು ತಮ್ಮ ಪಂಕ್ತಿಯದೆಂದೇ ಎಣಿಸುತ್ತವೆ. ಬೆನ್ನ ಮೇಲಿನ ಮನುಷ್ಯನ ಆಕಾರ ಕುದುರೆಯ ಆಕಾರದಲ್ಲಿ ಕರಗಿಹೋಗುತ್ತದೆ. ಆದರೆ ಈ ಸ್ನೇಹಕ್ಕೆ ಆಧಾರ ಬಯಲು. ಕುದುರೆಯ ಕಣ್ಣು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಬಿಟ್ಟರೆ ಉಳಿದೆಲ್ಲ ದಿಕ್ಕೂ ಅದಕ್ಕೆ ಕಾಣುತ್ತದೆ. ಅಪಾಯವನ್ನು ದೂರದಿಂದಲೇ ಕಂಡು ಓಡಿ ಪಾರಾಗುವುದೇ ಅದರ ಬದುಕಿನ ಉಪಾಯ. ಆದುದರಿಂದಲೇ ಅಲ್ಲಿನ ವ್ಯವಸ್ಥಾಪಕರು ನಾಗಾಲೋಟದಲ್ಲಿ ಜೀನಿನ ಮೇಲೆ ಕುಳಿತಿರಬಲ್ಲವರನ್ನು ಮಾತ್ರ ಸಿಂಹ, ಆನೆ ಇರುವ ಕಡೆಗೆ ಕರೆದೊಯ್ಯುತ್ತಾರೆ. ಮುಂದಾಳುವಿನ ಕೈಯಲ್ಲಿ ಉದ್ದನೆಯ ಚಾಟಿ, ಕೆಲವು ಕಡೆ ಬಂದೂಕು ಕೂಡ ಇರುತ್ತದೆ. ನಮ್ಮ ಹುಡುಗನ ಚಿತ್ರಗಳಲ್ಲಿ ಚಾಟಿ ಕಾಣಿಸಿತು. ಅದರ ಮಾತನ್ನು ಅವನು ಎತ್ತಲಿಲ್ಲ.

ಆಫ್ರಿಕದಲ್ಲಿಯೂ ಕುದುರೆ ಎಲ್ಲೆಡೆ ಬಾಳಲಿಲ್ಲ. ತ್ಸೆತ್ಸೆ ನೊಣ ಇರುವ ತೇವದ ಕಾಡುಗಳಲ್ಲಿ ಅದು ಸಾಯುತ್ತಿತ್ತು. ಪಶ್ಚಿಮ ಆಫ್ರಿಕದ ಓಯೊ ರಾಜ್ಯ ತನ್ನ ಅಶ್ವಬಲದಿಂದ ಬಯಲು ನಾಡನ್ನು ಆಳಿತು. ದಕ್ಷಿಣದ ದಟ್ಟಡವಿಯಲ್ಲಿ ಆ ಬಲ ಉಪಯೋಗಕ್ಕೆ ಬರಲಿಲ್ಲ. ಇನ್ನೊಂದು ಕಾಯಿಲೆಯುಂಟು, ಅದಕ್ಕೆ ಆಫ್ರಿಕನ್ ಕುದುರೆ ರೋಗವೆಂದೇ ಹೆಸರು. ಸಂಜೆ ಮತ್ತು ಬೆಳಗಿನ ಜಾವ ಹಾರಾಡುವ ಸಣ್ಣ ನೊರಜುಗಳು ಅದನ್ನು ಹರಡುತ್ತವೆ. ಪಟ್ಟೆಕುದುರೆಯ ಮೈಯಲ್ಲಿ ಆ ರೋಗಾಣು ಸದ್ದಿಲ್ಲದೆ ಇರಬಲ್ಲದು. ಸಾಕಿದ ಕುದುರೆಗೆ ಬಂದರೆ ಬಹುಪಾಲು ಸಾವೇ. 1959ರಿಂದ ಕೆಲವು ವರ್ಷ ಈ ರೋಗ ಪಶ್ಚಿಮ ಏಷ್ಯದ ಮೂಲಕ ಭಾರತದವರೆಗೂ ಹಬ್ಬಿ ಮೂರು ಲಕ್ಷಕ್ಕೂ ಮಿಕ್ಕಿ ಕುದುರೆ, ಕತ್ತೆ, ಹೇಸರಗತ್ತೆಗಳನ್ನು ಬಲಿ ತೆಗೆದುಕೊಂಡಿತು.

ಹಾಗಾದರೆ ನಮ್ಮ ಮಲೆನಾಡು ಕುದುರೆಯನ್ನು ಕಾಣದ ನಾಡೇ? ಅಲ್ಲ. ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಅರಬ್ಬೀ ಕುದುರೆಗಳು ಇಳಿದು ಘಟ್ಟ ಹತ್ತಿ ವಿಜಯನಗರದ ಕಡೆಗೆ ಹೋಗುತ್ತಿದ್ದ ಕಾಲವಿತ್ತು. ಆಮೇಲೆ ಈ ಮಲೆಗಳನ್ನಾಳಿದ ನಮ್ಮ ಕೆಳದಿಯ ಅರಸರಿಗೂ ಕುದುರೆಯ ಬೆಲೆ ಗೊತ್ತಿತ್ತು. ಕೆಳದಿಯ ಬಸವಪ್ಪ ನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ' ಒಂಬತ್ತು ಕಲ್ಲೋಲ, ನೂರೆಂಟು ತರಂಗಗಳ ಮಹಾಕೋಶ. ಅದರಲ್ಲಿ ಅಡುಗೆ, ರತ್ನಪರೀಕ್ಷೆ, ಗಜಶಾಸ್ತ್ರಗಳ ಜೊತೆಗೆ ಅಶ್ವಶಾಸ್ತ್ರಕ್ಕೂ ಸ್ಥಾನವಿದೆ. ಅರಸನೊಬ್ಬ ಆಡಳಿತದ ನಡುವೆ ಕುಳಿತು ಕುದುರೆಯ ಲಕ್ಷಣಗಳನ್ನು ಬರೆದಿಟ್ಟನೆಂದರೆ ಅದು ಬರಿಯ ಶೋಕಿಯಾಗಿರಲಾರದು. ಆದರೆ ಅದೇ ಅರಸು ಮನೆತನ ಬಿದನೂರನ್ನು ರಾಜಧಾನಿಯಾಗಿ ಮಾಡಿಕೊಂಡದ್ದೂ, ಕವಲೇದುರ್ಗವನ್ನು ಬಲಪಡಿಸಿಕೊಂಡದ್ದೂ ಗಮನಾರ್ಹ. ಬಯಲುಸೀಮೆಯಿಂದ ಬರುವ ಕುದುರೆ ದಂಡಿಗೆ ಈ ಮಳೆ, ಕೆಸರು, ಇಕ್ಕಟ್ಟಿನ ಕಣಿವೆಗಳೇ ಅಡ್ಡಿ. ಬಿದನೂರು ಹೈದರಾಲಿಯ ಕೈಗೆ ಬಿದ್ದದ್ದು 1763ರಲ್ಲಿ.

ಮಲೆನಾಡಿನ ಜನಸಾಮಾನ್ಯರು ಹುಲಿಯಿರುವ ಕಾಡನ್ನು ದಾಟಿದ್ದು ಕುದುರೆಯ ಮೇಲಲ್ಲ, ಹೇರೆತ್ತಿನ ಜೊತೆಗೆ. ಅಡಿಕೆ, ಅಕ್ಕಿ, ಮೆಣಸು ಹೊತ್ತು ಘಟ್ಟ ಇಳಿದು, ಉಪ್ಪು, ಒಣಮೀನು ಹೊತ್ತು ಘಟ್ಟ ಹತ್ತುತ್ತಿದ್ದ ಆ ಎತ್ತುಗಳ ಸಾಲು, ಕೊರಳ ಗಂಟೆಯ ಸದ್ದು, ರಾತ್ರಿ ತಂಗಿದಲ್ಲಿ ಸುತ್ತ ಹಾಕುತ್ತಿದ್ದ ಬೆಂಕಿ, ಇವುಗಳ ಕಥೆಯನ್ನು ನನ್ನ ಅಜ್ಜ ಹೇಳುತ್ತಿದ್ದರು. ಎತ್ತಿನ ಸೀಳುಗೊರಸು ಕೆಸರಿನಲ್ಲಿ ಅಗಲವಾಗಿ ಹಿಡಿದು ನಿಲ್ಲುತ್ತದೆ. ಕುದುರೆಯ ಒಂಟಿ ಗೊರಸು ತಿಂಗಳುಗಟ್ಟಲೆ ತೇವದಲ್ಲಿದ್ದರೆ ಅಡಿಯಲ್ಲಿ ಕೊಳೆಯತೊಡಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಶೃಂಗೇರಿ, ಕೊಪ್ಪದಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಒಣಗುವುದಿಲ್ಲವೆಂಬುದನ್ನು ನಮ್ಮ ತಾಯಂದಿರಿಗೆ ಹೇಳಬೇಕಾಗಿಲ್ಲ.

ತಮಾಷೆಯೆಂದರೆ, ಕುದುರೆಗೆ ಒಗ್ಗದ ಈ ನಾಡಿನ ದೊಡ್ಡ ಬೆಟ್ಟದ ಹೆಸರೇ ಕುದುರೆಮುಖ. 1,894 ಮೀಟರ್ ಎತ್ತರದ ಆ ಶಿಖರ ಒಂದು ಮಗ್ಗುಲಿನಿಂದ ಕುದುರೆಯ ಮೋರೆಯಂತೆ ಕಾಣುತ್ತದೆ. ಕಡಲಿನಲ್ಲಿ ಹೋಗುವ ಹಡಗಿನವರಿಗೆ ಅದು ಗುರುತಿನ ಕಲ್ಲಾಗಿತ್ತು. ಆಮೇಲೆ ಬಂದ ಬಿಳಿಯ ಕಾಫಿ ತೋಟದವರು ಕುದುರೆ ಸಾಕಿದರು. ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಕಾಫಿಯ ಜೊತೆಗೆ ಹುಲಿಬೇಟೆಯ ಮಾತೂ ಧಾರಾಳವಾಗಿದೆ. ಅವರ ಕುದುರೆ ಓಡಾಡಿದ್ದು ಹೆಚ್ಚಾಗಿ ತೋಟದ ದಾರಿಗಳಲ್ಲಿ. ಜೀಪು ಬಂದ ಮೇಲೆ ಲಾಯಗಳು ಗೋದಾಮುಗಳಾದವು.

ಇನ್ನು ಬೇಲಿಯಾಚೆಗಿನ ಭದ್ರಾ ಕಾಡು. 1951ರಲ್ಲಿ ಜಾಗರ ಕಣಿವೆಯ ಮೃಗಧಾಮವೆಂದು ಆರಂಭವಾಗಿ, 1974ರಲ್ಲಿ ಭದ್ರಾ ಅಭಯಾರಣ್ಯವೆಂದು ವಿಸ್ತಾರಗೊಂಡು, 1998ರಲ್ಲಿ ಹುಲಿ ಯೋಜನೆಗೆ ಸೇರಿದ ಅಡವಿಯಿದು. ಹುಲಿ, ಚಿರತೆ, ಆನೆ, ಕಾಟಿ, ಕಡವೆ, ಸೀಳುನಾಯಿ ಎಲ್ಲವೂ ಇವೆ. ಬಿದಿರ ಮೆಳೆ, ಲಂಟಾನದ ಪೊದೆಗಳ ನಡುವೆ ಹತ್ತು ಮಾರಾಚೆಗೆ ಏನಿದೆಯೆಂದು ಕುದುರೆಗೂ ಕಾಣದು, ಸವಾರನಿಗೂ ಕಾಣದು. ಗಾಳಿ ತಂದ ಹುಲಿಯ ವಾಸನೆಗೆ ಕುದುರೆ ತಟ್ಟನೆ ತಿರುಗಿದರೆ ಜೀನಿನಲ್ಲಿರುವ ಬೆಂಗಳೂರಿನ ಮಗು ಎಲ್ಲಿರುತ್ತದೆ? ಆನೆಯ ಮಾತಂತೂ ಬೇಡ. ಬಾಳೆಹೊನ್ನೂರು, ನರಸಿಂಹರಾಜಪುರ, ಶೃಂಗೇರಿಯ ಸುತ್ತ ಈಚಿನ ವರ್ಷಗಳಲ್ಲಿ ತಮ್ಮ ತೋಟಕ್ಕೇ ಹೋದವರು ಆನೆಗೆ ಸಿಕ್ಕಿ ಜೀವ ಕಳೆದುಕೊಂಡಿದ್ದಾರೆ.

ಕಾನೂನಿನ ಮಾತೂ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. ನೋಡಬಯಸುವವರಿಗೆ ಲಕ್ಕವಳ್ಳಿಯಲ್ಲಿ ಜೀಪಿನ ಮತ್ತು ದೋಣಿಯ ವ್ಯವಸ್ಥೆ ಇದೆ. ಬೇಸಗೆಯಲ್ಲಿ ಹಿನ್ನೀರಿನ ನಡುಗಡ್ಡೆಗಳ ಮೇಲೆ ಸಾವಿರಾರು ನದಿ ರೀವ ಹಕ್ಕಿಗಳು ಗೂಡು ಮಾಡುವುದನ್ನು ದೋಣಿಯಿಂದಲೇ ನೋಡಬೇಕು. ಅದೇ ಕಾಯ್ದೆಗೆ 1991ರಲ್ಲಿ ಸೇರಿದ ಒಂದು ಅಂಶ ನಮ್ಮಂಥವರಿಗೆ ಮುಖ್ಯ. ಅಭಯಾರಣ್ಯದ ಒಳಗೆ ಮತ್ತು ಅದರಿಂದ ಐದು ಕಿಲೋಮೀಟರ್ ಆಸುಪಾಸಿನಲ್ಲಿ ಸಾಕುವ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗಗಳ ವಿರುದ್ಧ ಲಸಿಕೆ ಹಾಕಿಸುವ ವ್ಯವಸ್ಥೆಯಾಗಬೇಕು. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಿಲ್ಲ. 1980ರ ದಶಕದ ಕೊನೆಯಲ್ಲಿ ದನಗಳ ದೊಡ್ಡರೋಗ ಇದೇ ಭದ್ರಾ ಕಾಡನ್ನು ಹೊಕ್ಕು ಕಾಟಿಗಳು ಗುಂಪುಗುಂಪಾಗಿ ಸತ್ತವು. ಅದಕ್ಕೆ ನೂರು ವರ್ಷ ಹಿಂದೆ ಇದೇ ರೋಗ ಸಾಕುದನಗಳ ಜೊತೆ ಆಫ್ರಿಕಕ್ಕೆ ಹೋಗಿ ಅಲ್ಲಿನ ಕಾಡೆಮ್ಮೆಗಳನ್ನೂ ಜನರ ದನಗಳನ್ನೂ ಲೆಕ್ಕವಿಲ್ಲದಷ್ಟು ಕೊಂದಿತ್ತು. 2011ರಲ್ಲಿ ದೊಡ್ಡರೋಗ ಪ್ರಪಂಚದಿಂದಲೇ ನಿರ್ಮೂಲವಾಯಿತೆಂಬುದು ಸಂತೋಷದ ಸಂಗತಿ. ಆದರೆ ಕುದುರೆಗೆ ತನ್ನದೇ ಆದ ರೋಗಗಳಿವೆ. ಗ್ಲಾಂಡರ್ಸ್ ಮನುಷ್ಯನಿಗೂ ಹುಲಿಗೂ ತಗಲಬಲ್ಲದು; ಸರ್ರಾ ರೋಗವನ್ನು ಕಚ್ಚುವ ದೊಡ್ಡ ನೊಣಗಳು ಹರಡುತ್ತವೆ.

ಪತ್ರದಲ್ಲಿ ಇನ್ನೊಂದು ಮಾತು ಬರೆದೆ. ಅದನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು. 2001-02ರ ಸುಮಾರಿಗೆ ಭದ್ರಾ ಕಾಡಿನೊಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೇವರ ಬನ ಬಿಟ್ಟು ತರೀಕೆರೆ ಕಡೆಯ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಹೋಗಿ ನೆಲಸಿದವು. ದನಕರುಗಳನ್ನು ಅಟ್ಟಿಕೊಂಡು ಅವರು ಹೊರಗೆ ನಡೆದ ಕಾಡಿನೊಳಗೆ ನಾವು ಹಣಕ್ಕಾಗಿ ಕುದುರೆ ಹೊಡೆದುಕೊಂಡು ಹೋಗುವುದು ಹೇಗೆ? ಕಾಯ್ದೆ ನಾಳೆ ಒಪ್ಪಿದರೂ ನನ್ನ ಮನಸ್ಸು ಒಪ್ಪದು.

ಉಳಿದದ್ದು ತೋಟದ ದಾರಿ. ಸ್ವಂತ ಕಾಫಿ ಗಿಡಗಳ ನಡುವೆ, ಊರ ಮಣ್ಣುರಸ್ತೆಯಲ್ಲಿ, ಹಗಲು ಹೊತ್ತು, ಮಳೆ ನಿಂತ ಮೇಲೆ ಒಂದೆರಡು ಸಾಧು ಕುದುರೆಗಳ ಮೇಲೆ ಅತಿಥಿಗಳನ್ನು ತಿರುಗಾಡಿಸುವುದರಲ್ಲಿ ತಪ್ಪೇನೂ ನನಗೆ ಕಾಣದು. ಆದರೆ ಅದಕ್ಕೂ ಲೆಕ್ಕವಿದೆ. ನಾನೂರು ಕಿಲೋ ತೂಗುವ ಕುದುರೆ ದಿನಕ್ಕೆ ಎಂಟು ಹತ್ತು ಕಿಲೋ ಒಣಮೇವು ತಿನ್ನುತ್ತದೆ. ನಮ್ಮ ಭತ್ತದ ಹುಲ್ಲಿನಲ್ಲಿ ಅದಕ್ಕೆ ಬೇಕಾದ ಸತ್ತ್ವವಿಲ್ಲ. ಹುರುಳಿ ಬರಬೇಕಾದದ್ದು ಕಡೂರಿನ ಬಯಲಿನಿಂದ. ಲಾಳ ಕಟ್ಟುವವರು ನಮ್ಮೂರಲ್ಲಿ ಈಗ ಯಾರೂ ಉಳಿದಿಲ್ಲ. ಮಳೆಗಾಲದಲ್ಲಿ ಉಂಬಳ, ಮಳೆ ಬಿಟ್ಟ ಮೇಲೆ, ಅತಿಥಿಗಳು ಬರುವ ತಿಂಗಳುಗಳಲ್ಲಿಯೇ, ಉಣುಗು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಈ ಉಣುಗುಗಳೇ, ಮತ್ತು ನಮ್ಮ ಮೂರು ತಾಲ್ಲೂಕುಗಳಿಗೂ ಆ ಕಾಯಿಲೆ ಅಪರಿಚಿತವಲ್ಲ. ಮಂಗ ಸತ್ತು ಬಿದ್ದ ಸುದ್ದಿ ಬಂದ ದಿಕ್ಕಿಗೆ ಆ ವರ್ಷ ಸವಾರಿ ಹೋಗಲೇಬಾರದು. ಇದನ್ನು ಅತಿಥಿಗಳಿಗೆ ಮೊದಲೇ ಹೇಳುವ ಧೈರ್ಯ ಮನೆಯವರಿಗೆ ಇರಬೇಕು.

ಪತ್ರ ತಲುಪಿದ ದಿನ ಅಕ್ಕ ಫೋನು ಮಾಡಿದ್ದಳು. ಭಾವನವರು ಎರಡು ಸಲ ಓದಿಸಿಕೊಂಡರಂತೆ. ಅಕ್ಕನ ಅತ್ತೆ, ಎಂಬತ್ತೆರಡು ದಾಟಿದ ಹಿರಿಯರು, ಒಂದೇ ಪ್ರಶ್ನೆ ಕೇಳಿದರಂತೆ: "ಕುದುರೆ ನೋಡ್ಕೊಳ್ಳೋದು ಯಾರು? ಅವನು ನೈರೋಬಿಯಲ್ಲಿ ಕೂತ್ರೆ ಲದ್ದಿ ತೆಗೆಯೋರು ಯಾರು?"

ಹುಡುಗನಿಂದ ಕಳೆದ ವಾರ ಉತ್ತರ ಬಂದಿದೆ. ಕಾಡಿನ ವಿಚಾರ ಬಿಟ್ಟಿದ್ದಾನೆ. ನಾಲ್ಕು ಕುದುರೆ ಎರಡಾಗಿದೆ. ಹಳದಿ ರೋಗದ ಮರಗಳನ್ನು ಕಡಿದ ಜಾಗಕ್ಕೆ ಕಾಫಿ, ಮೆಣಸು ಹಾಕಲು ಎಷ್ಟು ಖರ್ಚು, ಹಳೆಯ ಹುಲ್ಲುಮನೆಯ ಹೆಂಚು ಗಟ್ಟಿಯಿದೆಯೇ, ಕಡೂರಿನಲ್ಲಿ ಹುರುಳಿಯ ಧಾರಣೆ ಈಗೇನು ಎಂದು ಕೇಳಿದ್ದಾನೆ. ಅಜ್ಜಿಯ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. ಮುಂದಿನ ವರ್ಷ ಕೆಲಸದ ಒಪ್ಪಂದ ಮುಗಿಯುತ್ತದೆ ಎಂದಷ್ಟೇ ಕೊನೆಯ ಸಾಲಿನಲ್ಲಿ ಬರೆದಿದ್ದಾನೆ. ಆ ಸಾಲನ್ನು ಅಕ್ಕ ನನಗೆ ಮೂರು ಸಲ ಓದಿ ಹೇಳಿದಳು.